ಆರ್ಕೇಡಿಯಾ ಪ್ರೋಟಿ5 ಯುವಿಬಿ ಕಿಟ್: ಮರಿ ಊಸರವಳ್ಳಿಗೆ ಇದರಿಂದ ಬಣ್ಣ ಬರುತ್ತದೆಯೇ?

ಬಣ್ಣ ಬೇಗ ಬರಲಿ ಎಂಬ ಆಸೆಗೆ, ಯುವಿಬಿ ಎಂಬ ಅತಿನೇರಳೆ ಕಿರಣ ಸೂಸುವ ಈ ದೀಪ ಕೊಳ್ಳುವುದಾದರೆ ದುಡ್ಡು ಉಳಿಸಿಕೊಳ್ಳಿ. ಮರಿಯ ಮೂಳೆ ಗಟ್ಟಿಯಾಗಿ, ಅದು ಚೆನ್ನಾಗಿ ಬೆಳೆಯಲಿ ಎಂದಾದರೆ ಧಾರಾಳವಾಗಿ ತಗೊಳ್ಳಿ. ಹೊರದೇಶಗಳಲ್ಲಿ ಪ್ಯಾಂಥರ್ ಊಸರವಳ್ಳಿ ಸಾಕುವ ಕನ್ನಡಿಗರಿಗಾಗಿ ಈ ವಿಮರ್ಶೆ. ನಮ್ಮೂರ ಬೇಲಿಯ ಗೋಸುಂಬೆಯನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ, ಅದರ ಗೊಡವೆಗೆ ಹೋಗಬೇಡಿ.

ಮಡಗಾಸ್ಕರ್ ಮೂಲದ ಪ್ಯಾಂಥರ್ ಮರಿ ಮೊಟ್ಟೆಯಿಂದ ಹೊರಬರುವಾಗ ಒಣ ಎಲೆಯ ಬಣ್ಣ, ಬೂದು ಬೆರೆತ ಕಂದು. ಮೂರು ತಿಂಗಳಿಗೆ ಮಾರಾಟಕ್ಕೆ ಬಂದಾಗಲೂ ಹೆಚ್ಚುಕಡಿಮೆ ಹಾಗೇ ಇರುತ್ತದೆ. ನಾಲ್ಕರಿಂದ ಆರು ತಿಂಗಳೊಳಗೆ ಗಂಡಿನ ಪಕ್ಕೆಯ ಪಟ್ಟೆಗಳಲ್ಲಿ ಹಸಿರೋ ನೀಲಿಯೋ ಇಣುಕತೊಡಗುತ್ತದೆ. ಪೂರ್ತಿ ಬಣ್ಣಕ್ಕೆ ಒಂದು ವರ್ಷ ಬೇಕು, ಕೆಲವಕ್ಕೆ ಒಂದೂವರೆ. ಹೆಣ್ಣು ದೊಡ್ಡದಾದ ಮೇಲೂ ನಸುಗುಲಾಬಿ, ಕಂದು ಛಾಯೆಯಲ್ಲೇ ಉಳಿಯುತ್ತದೆ. ಕಾರಣ ಚರ್ಮದೊಳಗಿದೆ. ಅಲ್ಲಿನ ಕೋಶಗಳಲ್ಲಿ ಗ್ವಾನಿನ್ ಎಂಬ ವಸ್ತುವಿನ ಅತಿಸೂಕ್ಷ್ಮ ಹರಳುಗಳು ಸಾಲಾಗಿ ಜೋಡಣೆಯಾಗಿರುತ್ತವೆ. ಹರಳುಗಳ ನಡುವಿನ ಅಂತರ ಹೆಚ್ಚಿದಂತೆ ಹಸಿರು ಹಳದಿ-ಕಿತ್ತಳೆಯತ್ತ ತಿರುಗುತ್ತದೆ. ಈ ಕೋಶಗಳ ಮೇಲ್ಪದರ ಪೂರ್ತಿ ಬೆಳೆಯುವುದು ಪ್ರಾಯದ ಗಂಡಿನಲ್ಲಿ ಮಾತ್ರ ಎಂದು ಜಿನೀವಾ ವಿಶ್ವವಿದ್ಯಾಲಯದವರು 2015ರಲ್ಲಿ ತೋರಿಸಿದರು. ಇಲ್ಲದ ಪದರವನ್ನು ಯಾವ ದೀಪವೂ ಹುಟ್ಟಿಸದು. ಅಂಬಿಲೋಬೆ ತಳಿಯೋ ನೋಸಿ ಬೇ ತಳಿಯೋ (ಎರಡೂ ಮಡಗಾಸ್ಕರಿನ ಜಾಗಗಳ ಹೆಸರು), ಬರುವ ಬಣ್ಣ ಅಪ್ಪ-ಅಮ್ಮನಿಂದಲೇ ನಿರ್ಧಾರವಾಗಿರುತ್ತದೆ. ಕೊಳ್ಳುವಾಗ ಅಪ್ಪನ ಫೋಟೋ ಜೊತೆಗೆ ತಾಯಿಯ ಅಪ್ಪನ ಫೋಟೋವನ್ನೂ ಕೇಳಿ. ಮಾರುವವರು ತೋರಿಸುವ ಮಿಂಚುವ ಚಿತ್ರ ಬಹುಪಾಲು ಎದುರಿಗೆ ಇನ್ನೊಂದು ಗಂಡನ್ನು ಬಿಟ್ಟು, ಸಿಟ್ಟು ಬರಿಸಿ ತೆಗೆದದ್ದು.

ಇನ್ನು ದೀಪಕ್ಕೆ ಬರೋಣ. ಯುವಿಬಿ ಬಿದ್ದರೆ ಚರ್ಮದಲ್ಲಿ ವಿಟಮಿನ್ ಡಿ3 ತಯಾರಾಗುತ್ತದೆ, ಡಿ3 ಇದ್ದರೆ ಕ್ಯಾಲ್ಸಿಯಂ ಮೂಳೆಗೆ ಸೇರುತ್ತದೆ. ಕಿಟ್ಟಿನಲ್ಲಿ ಪ್ರತಿಫಲಕವಿರುವ ತೆಳು ಹೋಲ್ಡರ್ ಮತ್ತು ಟಿ5 ಎಂಬ ತೆಳ್ಳನೆಯ ಟ್ಯೂಬ್ ಒಟ್ಟಿಗೇ ಬರುತ್ತವೆ. ಎರಡಡಿ ಅಗಲದ ಜಾಲರಿ ಪಂಜರಕ್ಕೆ 24 ವ್ಯಾಟ್ ಸಾಕು. ಟ್ಯೂಬ್ ಶೇಕಡಾ 6 ಯುವಿಬಿಯದ್ದೇ ಇರಲಿ. 12ರದ್ದು ಮರುಭೂಮಿಯ ಪ್ರಾಣಿಗಳಿಗೆ ಎಂದು ತಯಾರಾದದ್ದು, ಹತ್ತಿರವಿದ್ದರೆ ಮರಿಯ ಕಣ್ಣಿಗೂ ಚರ್ಮಕ್ಕೂ ಅಪಾಯ.

ಹೋಲ್ಡರನ್ನು ಜಾಲರಿಯ ಮೇಲಿಟ್ಟು, ಬಿಸಿಲು ಕಾಯುವ ಕೊಂಬೆಯನ್ನು ಮರಿಯ ಬೆನ್ನು ಟ್ಯೂಬಿನಿಂದ ಸುಮಾರು 20 ಸೆಂ.ಮೀ. ಕೆಳಗಿರುವಂತೆ ಕಟ್ಟಿ. ಅಲ್ಲಿ ಯುವಿ ಸೂಚ್ಯಂಕ 3ರ ಆಸುಪಾಸು ಬರಬೇಕು. ಜಾಲರಿಯ ಹೆಣಿಗೆ ದಟ್ಟವಾದಷ್ಟೂ ಯುವಿ ಸೋರುವುದು ಕಡಿಮೆ, ಹಾಗಾಗಿ ಸೋಲಾರ್‌ಮೀಟರ್ 6.5 ಎಂಬ ಯುವಿ ಅಳೆಯುವ ಮಾಪಕ ಎರವಲು ಸಿಕ್ಕರೆ ಅಳೆದೇ ಕಟ್ಟಿ. ಗಾಜಿನ ಮುಚ್ಚಳ ಇಟ್ಟರೆ ಯುವಿಬಿ ಅಲ್ಲೇ ನಿಂತುಹೋಗುತ್ತದೆ. ಟ್ಯೂಬಿನ ಕೆಳಗೊಂದು ಕಡೆ ಎಲೆ ದಟ್ಟವಾಗಿರಲಿ. ಮೇವಿನಲ್ಲಿ ಡಿ3 ಎಷ್ಟು ಸಿಕ್ಕಿದೆ ಎನ್ನುವುದಕ್ಕೆ ತಕ್ಕಂತೆ ಪ್ಯಾಂಥರ್ ತಾನೇ ಬೆಳಕಿಗೆ ಬರುತ್ತದೆ, ನೆರಳಿಗೆ ಸರಿಯುತ್ತದೆ. ನೆರಳೇ ಇಲ್ಲದಿದ್ದರೆ ಪಾಪ ಅದೇನು ಮಾಡೀತು? ದಿನಕ್ಕೆ 12 ಗಂಟೆ, ಟೈಮರ್ ಹಾಕಿ ಮರೆತುಬಿಡಿ.

ಈ ಟ್ಯೂಬಿನಿಂದ ಮೈ ಕಾಯಿಸುವಷ್ಟು ಶಾಖ ಬರುವುದಿಲ್ಲ. ಬಿಸಿಗೆ ಬೇರೆ ಬಲ್ಬ್ ಬೇಕೇಬೇಕು, ಮರಿ ಕೂರುವಲ್ಲಿ 27ರಿಂದ 29 ಡಿಗ್ರಿ ಸೆಲ್ಸಿಯಸ್ ಮೀರದಂತೆ. ಬಣ್ಣದ ಬಗ್ಗೆ ಗಾಬರಿ ಬೀಳುವವರು ಮೊದಲು ಈ ಬಲ್ಬನ್ನೇ ನೋಡಬೇಕು. ಬೆಳಿಗ್ಗೆ ಬೆಳಕಿನ ಕಡೆಯ ಪಕ್ಕೆಯನ್ನು ಚಪ್ಪಟೆ ಮಾಡಿ ಕಪ್ಪಾಗಿಸಿಕೊಂಡರೆ ಅದು ಮೈ ಕಾಯಿಸಿಕೊಳ್ಳುತ್ತಿದೆ, ಕಾಯಿಲೆಯಲ್ಲ. ಮೈ ಬಿಳುಚಿಕೊಂಡು ಬಾಯಿ ತೆರೆದು ಕೂತಿದ್ದರೆ ಬಿಸಿ ಜಾಸ್ತಿಯಾಗಿದೆ, ಬಲ್ಬನ್ನು ಮೇಲಕ್ಕೆತ್ತಿ. ಬೆನ್ನಿನ ಏಣು ಕಪ್ಪಾಗಿ ಹಕ್ಕಳೆಗಟ್ಟಿದ್ದರೆ ಸುಟ್ಟಿದೆ ಎಂದರ್ಥ. ಬಣ್ಣ ಮಾಸಿ ಬೂದಿ ಬಳಿದಂತಾಗಿದ್ದರೆ ಪೊರೆ ಬಿಡುವ ಕಾಲ. ಬೆಳೆಯುವ ಮರಿ ಪದೇಪದೇ ಪೊರೆ ಬಿಡುತ್ತದೆ, ಬಿಟ್ಟ ಮೇಲೆ ಪಟ್ಟೆ ಮೊದಲಿಗಿಂತ ಎದ್ದು ಕಾಣುತ್ತದೆ. ಹಗಲಿಡೀ ಕಪ್ಪಾಗಿಯೇ ಇದ್ದು ಮೇವು ಬಿಟ್ಟರೆ, ಅಥವಾ ಕಾಲು ಬಾಗಿ ದವಡೆ ಮೆತ್ತಗಾದರೆ, ತಡಮಾಡದೆ ಸರೀಸೃಪ ಬಲ್ಲ ಪಶುವೈದ್ಯರಿಗೆ ತೋರಿಸಿ. ದೀಪ ಒಳ್ಳೆಯದಿದೆ ಎಂದು ಹುಳುಗಳಿಗೆ ಕ್ಯಾಲ್ಸಿಯಂ ಪುಡಿ ಹಚ್ಚುವುದನ್ನು ನಿಲ್ಲಿಸಿದ ಮನೆಗಳಲ್ಲೂ ಇದೇ ಪಾಡು.

ಬೆಲೆ ಮಾತ್ರ ಕೈ ಕಚ್ಚುತ್ತದೆ. ಸುರುಳಿ ಆಕಾರದ ಅಗ್ಗದ ಯುವಿಬಿ ಬಲ್ಬುಗಳಿಗೆ ಹೋಲಿಸಿದರೆ ಹಲವು ಪಟ್ಟು ದುಬಾರಿ. ಆದರೆ ಅವುಗಳ ಬೆಳಕು ಬೀಳುವುದು ಅಂಗೈಯಗಲಕ್ಕೆ, ಅದೂ ತೀರಾ ಹತ್ತಿರವಿದ್ದರೆ. ಟಿ5 ಇಡೀ ಕೊಂಬೆಯುದ್ದಕ್ಕೂ ಹರಡುತ್ತದೆ. ಟ್ಯೂಬನ್ನು ಕಂಪನಿ ಹೇಳುವಂತೆ 12 ತಿಂಗಳಿಗೆ ಬದಲಿಸಿ. ಯುವಿಬಿ ಕುಗ್ಗಿದ ಮೇಲೂ ಕಣ್ಣಿಗೆ ಕಾಣುವ ಬೆಳಕು ಹಾಗೇ ಇರುವುದರಿಂದ, ಹಾಕಿದ ದಿನವೇ ಹೋಲ್ಡರಿನ ತುದಿಗೆ ತಾರೀಕು ಬರೆದು ಅಂಟಿಸಿ.