ಲೊಂಬೊಕ್‌ನಲ್ಲಿ ಬೇನಾಮಿ ಜಾಗ: ಸರ್ಟಿಫಿಕೇಟು ನಿಮ್ಮ ಬೀರುವಿನಲ್ಲಿ, ಜಮೀನು ಅವರದ್ದು

ಇಂಡೋನೇಷ್ಯಾದ ಬಾಲಿಗೆ ಹೋದವರು ದೋಣಿ ಹತ್ತಿ ಪಕ್ಕದ ಲೊಂಬೊಕ್ ದ್ವೀಪಕ್ಕೂ ಹೋಗಿಬರುವುದು ಈಗ ಮಾಮೂಲು. ದಕ್ಷಿಣದ ಕುತಾ, ಸೆಲೋಂಗ್ ಬೆಲನಾಕ್ ಕಡೆ ಗುಡ್ಡದ ಮೇಲೆ ನಿಂತರೆ ಕೆಳಗೆ ಭತ್ತದ ಗದ್ದೆ, ಅದರಾಚೆ ಕಡಲು, ರಸ್ತೆ ಬದಿಯಲ್ಲಿ ‘ತಾನಾಹ್ ದಿಜುವಲ್’ ಎಂದು ಬರೆದ ಹಲಗೆ. ಜಾಗ ಮಾರಾಟಕ್ಕಿದೆ ಎಂದರ್ಥ. ಬೆಲೆ ಹೇಳುವುದು ‘ಆರೆ’ ಲೆಕ್ಕದಲ್ಲಿ. ಒಂದು ಆರೆ ಎಂದರೆ 100 ಚದರ ಮೀಟರು, ಅಂದರೆ ಸುಮಾರು 1076 ಚದರಡಿ. ನಮ್ಮ ಒಂದು ಗುಂಟೆಗಿಂತ ಹದಿಮೂರು ಚದರಡಿಯಷ್ಟೇ ಕಡಿಮೆ. ಗುಂಟೆ ಲೆಕ್ಕ ಗೊತ್ತಿರುವವರಿಗೆ ಇದು ಸಲೀಸಾಗಿ ತಲೆಗೆ ಹೋಗುತ್ತದೆ, ಬೆಂಗಳೂರಿನ ಸೈಟಿನ ದರ ನೆನಪಾಗುತ್ತದೆ, ಅಲ್ಲಿಗೆ ಅರ್ಧ ಮನಸ್ಸು ಸೋತಂತೆಯೇ. ಆದರೆ ಹೇಳಿದ ದರ ಪೂರ್ತಿ ಕ್ರಯದ್ದೋ, ಗುತ್ತಿಗೆಯಾದರೆ ಒಂದು ವರ್ಷದ್ದೋ ಎಂದು ಮೊದಲೇ ಕೇಳಿ. ಮಧ್ಯವರ್ತಿ ತಾನಾಗಿ ಬಿಡಿಸಿ ಹೇಳುವುದು ಅಪರೂಪ.

ಮೋಸ ಹೋದವರ ಕಥೆಗಳೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚಿನವು. ವಿದೇಶಿಯರ ಹೆಸರಿಗೆ ಜಾಗ ಆಗುವುದಿಲ್ಲ ಎಂದು ಮಧ್ಯವರ್ತಿಯೇ ಮೊದಲು ಒಪ್ಪಿಕೊಳ್ಳುತ್ತಾನೆ. ನಂಬಿಕೆ ಹುಟ್ಟುವುದೇ ಆ ಪ್ರಾಮಾಣಿಕತೆಯಿಂದ. ಆಮೇಲೆ ‘ಚಿಂತೆ ಬೇಡ, ನಮ್ಮ ಹುಡುಗನ ಹೆಸರಲ್ಲಿ ಮಾಡೋಣ’ ಎನ್ನುತ್ತಾನೆ. ಹಣ ನಿಮ್ಮದು, ಸರ್ಟಿಫಿಕೇಟಿನಲ್ಲಿ, ಅಂದರೆ ಜಾಗದ ಹಕ್ಕುಪತ್ರದಲ್ಲಿ, ಹೆಸರು ಹುಡುಗನದ್ದು. ರಕ್ಷಣೆಗೆಂದು ನಾಲ್ಕು ಕಾಗದ: ಹುಡುಗ ನಿಮಗೆ ಸಾಲಗಾರ ಎಂಬ ಪತ್ರ, ಜಾಗ ನಿಜಕ್ಕೂ ನಿಮ್ಮದೇ ಎಂಬ ಹೇಳಿಕೆ, ರದ್ದು ಮಾಡಲಾಗದ ಮುಖ್ತ್ಯಾರ ಪತ್ರ, ದೀರ್ಘಾವಧಿಯ ಗುತ್ತಿಗೆ ಪತ್ರ. ನಮ್ಮಲ್ಲಿ ಇದಕ್ಕೆ ಬೇನಾಮಿ ಎನ್ನುತ್ತೇವೆ. ಅಲ್ಲಿನವರು ‘ನೊಮಿನಿ’ ಎನ್ನುತ್ತಾರೆ. ಬ್ಯಾಂಕ್ ಖಾತೆಯ ನಾಮಿನಿ ಇದ್ದ ಹಾಗೆ ಕೇಳಿಸುವುದರಿಂದ ನಮ್ಮವರಿಗೆ ಅಪಾಯ ಹೊಳೆಯುವುದಿಲ್ಲ.

ಈ ನಾಲ್ಕೂ ಕಾಗದ ಏಕೆ ನಿಲ್ಲುವುದಿಲ್ಲ? ಇಂಡೋನೇಷ್ಯಾದ 1960ರ 5ನೇ ಕಾಯಿದೆ, ಅಂದರೆ ಅಲ್ಲಿನ ಮೂಲ ಭೂ ಕಾನೂನಿನ 21ನೇ ವಿಧಿಯ ಪ್ರಕಾರ ಪೂರ್ಣ ಮಾಲೀಕತ್ವ, ಅವರ ಮಾತಲ್ಲಿ ‘ಹಕ್ ಮಿಲಿಕ್’, ಅಲ್ಲಿನ ಪ್ರಜೆಗಳಿಗೆ ಮಾತ್ರ. ವಿದೇಶಿಯರಿಗೆ ನೇರವಾಗಿಯೋ ಬಳಸುದಾರಿಯಲ್ಲೋ ಅದನ್ನು ದಾಟಿಸಿದರೆ ಆ ವ್ಯವಹಾರವೇ ಅಸಿಂಧು, ಜಾಗ ಸರ್ಕಾರಕ್ಕೆ ಸೇರುತ್ತದೆ, ಕೊಟ್ಟ ಹಣವನ್ನು ವಾಪಸು ಕೇಳುವಂತಿಲ್ಲ ಎನ್ನುತ್ತದೆ 26ನೇ ವಿಧಿ. ಕೊನೆಯ ಮಾತನ್ನು ಇನ್ನೊಮ್ಮೆ ಓದಿಕೊಳ್ಳಿ. ಮುಖ್ತ್ಯಾರ ಪತ್ರದ ಕಥೆಯೂ ಅಷ್ಟೇ: ರದ್ದಾಗದ ಮುಖ್ತ್ಯಾರಿನ ಮೂಲಕ ಜಮೀನು ದಾಟಿಸುವುದನ್ನು 1982ರಲ್ಲೇ ನಿಷೇಧಿಸಿದ್ದಾರೆ. 2020ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಸುತ್ತೋಲೆ ಹೊರಡಿಸಿ, ಹಣ ವಿದೇಶಿಯದ್ದೇ ಆಗಿದ್ದರೂ ಸರ್ಟಿಫಿಕೇಟಿನಲ್ಲಿ ಹೆಸರಿರುವವನೇ ಮಾಲೀಕ ಎಂದು ಸ್ಪಷ್ಟಪಡಿಸಿತು. ಕೋರ್ಟಿಗೆ ಹೋದರೆ ನಿಮ್ಮ ಕಾಗದಗಳೇ ನಿಮ್ಮ ವಿರುದ್ಧ ಸಾಕ್ಷಿ.

‘ಮೂಲ ಸರ್ಟಿಫಿಕೇಟು ನನ್ನ ಬೀರುವಿನಲ್ಲಿದೆ, ಅವನೇನು ಮಾಡಿಯಾನು?’ ಎಂಬ ಧೈರ್ಯ ಹಲವರಿಗೆ. ಮಾಡುತ್ತಾನೆ. ಕಳೆದುಹೋಗಿದೆ ಎಂದು ಪೊಲೀಸರಲ್ಲಿ ವರದಿ ಬರೆಸುತ್ತಾನೆ, ಭೂ ಕಚೇರಿಯಲ್ಲಿ ಪ್ರಮಾಣ ಮಾಡುತ್ತಾನೆ, ಪ್ರಕಟಣೆ ಹೊರಬಿದ್ದು ಮೂವತ್ತು ದಿನ ಯಾರೂ ತಕರಾರು ಎತ್ತದಿದ್ದರೆ ಅವನ ಕೈಗೆ ಬದಲಿ ಸರ್ಟಿಫಿಕೇಟು ಬರುತ್ತದೆ. ಬೆಂಗಳೂರಿನಲ್ಲಿ ಕೂತ ನೀವು ಲೊಂಬೊಕ್‌ನ ಪತ್ರಿಕೆ ಓದುವುದುಂಟೇ? ಹೊಸದು ಬಂದ ದಿನವೇ ಬೀರುವಿನಲ್ಲಿರುವ ಹಸಿರು ಪುಸ್ತಿಕೆ ರದ್ದಿ. ಹುಡುಗ ಸಾಚಾ ಆಗಿದ್ದರೂ ಉಳಿದದ್ದು ನಿಮ್ಮ ಕೈಯಲ್ಲಿಲ್ಲ. ಅವನು ತೀರಿಕೊಂಡರೆ ವಾರಸುದಾರರು ಬರುತ್ತಾರೆ, ವಿಚ್ಛೇದನವಾದರೆ ಹೆಂಡತಿ ಪಾಲು ಕೇಳುತ್ತಾಳೆ.

ಇನ್ನು ಮಾರುವವನ ಕಾಗದಗಳು. ‘ಎಸ್‌ಪಿಪಿಟಿ’ ಎಂದು ತೋರಿಸುವ ಚೀಟಿ ಬರೀ ತೆರಿಗೆ ನೋಟಿಸು. ನಮ್ಮ ಕಂದಾಯ ರಸೀದಿಯಿಂದ ಮಾಲೀಕತ್ವ ಸಾಬೀತಾಗುವುದಿಲ್ಲವಲ್ಲ, ಇದೂ ಹಾಗೆಯೇ. ‘ಗಿರಿಕ್’, ಬಾಲಿಯಲ್ಲಿ ‘ಪಿಪಿಲ್’ ಎಂಬುವು ಹಳೆಯ ತೆರಿಗೆ ದಾಖಲೆಗಳು. ಇವನ್ನು ಹಕ್ಕಿನ ಪುರಾವೆಯಾಗಿ ತೋರಿಸಿ ನೋಂದಾಯಿಸಿಕೊಳ್ಳಲು 2021ರ 18ನೇ ಸರ್ಕಾರಿ ನಿಯಮ ಐದು ವರ್ಷ ಕೊಟ್ಟಿತ್ತು. ಆ ಗಡುವು 2026ರ ಫೆಬ್ರವರಿಯದ್ದು. ‘ಸ್ಪೊರಾದಿಕ್’ ಎಂಬ ಇನ್ನೊಂದು ಹಾಳೆ ಲೊಂಬೊಕ್‌ನಲ್ಲಿ ಬಹಳ ಓಡಾಡುತ್ತದೆ. ಜಾಗ ನನ್ನ ಸ್ವಾಧೀನದಲ್ಲಿದೆ ಎಂದು ಅವನೇ ಬರೆದುಕೊಂಡು ಊರ ಮುಖ್ಯಸ್ಥನ ಸಹಿ ಹಾಕಿಸಿದ ಹೇಳಿಕೆ ಅದು. ಒಂದೇ ಗದ್ದೆಗೆ ಇಬ್ಬರು ಬೇರೆ ಬೇರೆ ಸ್ಪೊರಾದಿಕ್ ಹಿಡಿದು ಬಂದರೆ ಅಚ್ಚರಿಪಡಬೇಡಿ. ಭೂ ಕಚೇರಿಯ, ಅಂದರೆ ಬಿಪಿಎನ್‌ನ ಸರ್ಟಿಫಿಕೇಟು ಇಲ್ಲದ ಜಾಗದ ಮಾತನ್ನೇ ಎತ್ತಬೇಡಿ.

ಅಲ್ಲಿ ಇರಲೇಬೇಕೆಂದಿದ್ದರೆ ಸರಳ ದಾರಿ ಗುತ್ತಿಗೆ, ‘ಹಕ್ ಸೆವಾ’. ಅಲ್ಲಿ ವಾಸದ ಪರವಾನಗಿ ಇದ್ದವರಿಗೆ ‘ಹಕ್ ಪಕಾಯ್’ ಎಂಬ ಬಳಕೆಯ ಹಕ್ಕೂ ಸಿಗುತ್ತದೆ: 30 ವರ್ಷ, ವಿಸ್ತರಣೆ 20, ನವೀಕರಣ 30. ಗುತ್ತಿಗೆಗೆ ಮಾಲೀಕ ತೋರಿಸಿದ ನೋಟರಿ ಬೇಡ, ನಿಮ್ಮದೇ ನೋಟರಿ ಹಿಡಿಯಿರಿ. ಮುಂಗಡ ಕೊಡುವ ಮೊದಲೇ ಅವರಿಂದ ಬಿಪಿಎನ್‌ನಲ್ಲಿ ಸರ್ಟಿಫಿಕೇಟಿನ ಪರಿಶೀಲನೆ ಮಾಡಿಸಿ. ಅಡಮಾನ, ತಡೆ, ತಂಟೆ ಇದ್ದರೆ ಅಲ್ಲೇ ಗೊತ್ತಾಗುತ್ತದೆ. ನಮ್ಮ ಇಸಿ ತೆಗೆಸಿದಂತೆ. ಬಿಪಿಎನ್‌ನ ‘ಸೆಂತುಹ್ ತಾನಾಹ್‌ಕು’ ಆ್ಯಪಿನಲ್ಲಿ ಜಾಗದ ಆಕಾರ ನೋಡಿಕೊಂಡು, ಗಡಿಕಲ್ಲುಗಳ ಬಳಿಗೆ ನಡೆದು ಹೋಗಿ ತಾಳೆ ಹಾಕಿ. ಮಾಲೀಕನ ಜೊತೆ ಅವನ ಹೆಂಡತಿಯ ಸಹಿಯೂ ಬೇಕು. ಜಾಗ ಪಿತ್ರಾರ್ಜಿತವಾದರೆ ಎಲ್ಲ ವಾರಸುದಾರರದ್ದೂ ಬೇಕು, ಮಲೇಷ್ಯಾದಲ್ಲಿ ದುಡಿಯುತ್ತಿರುವ ತಮ್ಮನದ್ದೂ ಸೇರಿ. ಅವನ ಸಹಿ ಬಿಟ್ಟುಹೋಯಿತೆಂದರೆ ಐದು ವರ್ಷದ ನಂತರ ಊರಿಗೆ ಬಂದವನು ನೇರ ನಿಮ್ಮ ಬಾಗಿಲಿಗೇ ಬರುತ್ತಾನೆ. ಒಪ್ಪಂದ ಇಂಡೋನೇಷ್ಯನ್ ಭಾಷೆಯಲ್ಲಿ ಇರಲೇಬೇಕು, 2009ರ 24ನೇ ಕಾಯಿದೆ ಹಾಗೆ ಹೇಳುತ್ತದೆ. ಇಂಗ್ಲಿಷ್ ಪ್ರತಿಯನ್ನು ಪಕ್ಕದಲ್ಲಿಡಿ. ನವೀಕರಣದ ದರ ‘ಆಗಿನ ಮಾರುಕಟ್ಟೆ ಬೆಲೆಗೆ’ ಎಂದು ಬರೆದಿದ್ದರೆ ಸಹಿ ಹಾಕಬೇಡಿ. ಲೆಕ್ಕ ಹೇಗೆ ಎಂಬುದು ಅಂಕಿಯಲ್ಲಿರಲಿ. ಗುತ್ತಿಗೆಯ ಬಾಡಿಗೆ ಹಣದ ಮೇಲೆ 10 ಪ್ರತಿಶತ ತೆರಿಗೆ ಇದೆ. ಅದು ಮಾಲೀಕನ ಆದಾಯದ ತೆರಿಗೆ. ಯಾರು ಕಟ್ಟಬೇಕೆಂದು ಬರೆಯದಿದ್ದರೆ ನಿಮ್ಮ ತಲೆಗೇ ಕಟ್ಟುತ್ತಾರೆ.

ಭಾರತದಿಂದ ಹಣ ಕಳಿಸುವಾಗ ಒಬ್ಬರಿಗೆ ಒಂದು ಆರ್ಥಿಕ ವರ್ಷಕ್ಕೆ 2.5 ಲಕ್ಷ ಡಾಲರ್ ಮಿತಿ. ‘ಗಿಫ್ಟ್ ಅಂತ ಬರೆದು ಹುಡುಗನ ಖಾತೆಗೆ ಹಾಕಿ’ ಎಂಬ ಸಲಹೆ ಕೇಳಿದರೆ ಅಲ್ಲಿಗೇ ನಿಲ್ಲಿಸಿ. ನಾಳೆ ಅವನು ತಿರುಗಿಬಿದ್ದಾಗ, ಉಡುಗೊರೆ ಎಂದು ನಿಮ್ಮ ಕೈಯಾರೆ ಬರೆದುಕೊಟ್ಟ ದಾಖಲೆಯನ್ನೇ ಎದುರಿಗಿಡುತ್ತಾನೆ.

ಕಾಗದ ಸರಿಯಿದ್ದರೂ ಜಾಗ ಗದ್ದೆಯಾಗಿದ್ದರೆ ಮನೆ ಕಟ್ಟಲಾಗದೇ ಇರಬಹುದು. ರಕ್ಷಿತ ಆಹಾರ ಬೆಳೆ ಭೂಮಿಯನ್ನು ಬೇರೆ ಬಳಕೆಗೆ ತಿರುಗಿಸಲು 2009ರ 41ನೇ ಕಾಯಿದೆ ಬಿಡುವುದಿಲ್ಲ. ಕಡಲ ದಂಡೆಯಲ್ಲಿ ಅತ್ಯುಚ್ಚ ಭರತದ ಗೆರೆಯಿಂದ 100 ಮೀಟರು ಬಿಡಬೇಕು. ಕಟ್ಟಡ ಪರವಾನಗಿ, ‘ಪಿಬಿಜಿ’, ಕೈಗೆ ಬರುವ ತನಕ ಅಡಿಪಾಯ ಅಗೆಸಬೇಡಿ. ಬಾಲಿಯ ಬಿಂಗಿನ್ ಕಡಲತೀರದಲ್ಲಿ ವರ್ಷಗಟ್ಟಲೆ ನಿಂತಿದ್ದ ಕಟ್ಟಡಗಳನ್ನು 2025ರ ಜುಲೈಯಲ್ಲಿ ಸರ್ಕಾರ ಕೆಡವಿತು. ಬಾಲಿಯ ಗದ್ದೆಗಳಲ್ಲಿ ಇನ್ನೊಂದು ವಿಷಯ: ನೀರು ‘ಸುಬಾಕ್’ ಎಂಬ ರೈತರ ಕೂಟದ ಕೈಯಲ್ಲಿರುತ್ತದೆ. ಅದರ ಮುಖ್ಯಸ್ಥ ‘ಪೆಕಾಸೆಹ್’, ನಮ್ಮ ಕೆರೆಯ ನೀರುಗಂಟಿಯ ದೊಡ್ಡಣ್ಣ ಎನ್ನಿ. ಮಣ್ಣು ತುಂಬಿಸಿ ಕಾಲುವೆ ಮುಚ್ಚಿದಿರೋ, ಕೆಳಗಿನ ಗದ್ದೆಯವರೆಲ್ಲ ನಿಮ್ಮ ಎದುರಾಳಿಗಳು.

ಕಟ್ಟುವಾಗ ಸೋಲುವುದು ಕಬ್ಬಿಣದಲ್ಲಿ. 2018ರ ಆಗಸ್ಟ್ 5ರ ಭೂಕಂಪದಲ್ಲಿ ಉತ್ತರ ಲೊಂಬೊಕ್‌ನ ಹಳ್ಳಿಗಳಲ್ಲಿ ಕಂಬ, ತೊಲೆಗಳ ಕಟ್ಟಿಲ್ಲದ ಇಟ್ಟಿಗೆ ಗೋಡೆಗಳು ರಾಶಿಯಾಗಿ ಕುಸಿದವು. ಆ ಸರಣಿ ಕಂಪನಗಳಲ್ಲಿ ಸತ್ತವರು 500ಕ್ಕೂ ಹೆಚ್ಚು. ಸಾಧಾರಣ ಮನೆಗೆ ಅಲ್ಲಿನ ಸರ್ಕಾರಿ ಮಾರ್ಗಸೂಚಿಯಲ್ಲಿರುವುದು 15×15 ಸೆಂ.ಮೀ. ಕಂಬ, 10 ಮಿ.ಮೀ.ಯ ನಾಲ್ಕು ಸರಳು, ಪ್ರತಿ 15 ಸೆಂ.ಮೀ.ಗೆ 8 ಮಿ.ಮೀ.ಯ ರಿಂಗು, ಸಿಮೆಂಟು, ಮರಳು, ಜಲ್ಲಿ 1:2:3ರ ಕಾಂಕ್ರೀಟು, ಗೋಡೆಯ ತಲೆಯ ಮೇಲೆ ಸುತ್ತಲೂ ತೊಲೆ. ಪ್ರತಿ ಆರು ವರಸೆ ಇಟ್ಟಿಗೆಗೆ ಒಂದರಂತೆ ಕಂಬದಿಂದ ಗೋಡೆಯೊಳಗೆ 40 ಸೆಂ.ಮೀ.ಯ ಸರಳೂ ಹೋಗಬೇಕು. ಅಂಗಡಿಯಲ್ಲಿ ‘ಹತ್ತು’ ಎಂದು ಮಾರುವ ಅಗ್ಗದ ಸರಳಿಗೆ ‘ಬೆಸಿ ಬಂಚಿ’ ಎಂಬ ಅಡ್ಡಹೆಸರಿದೆ. ಕ್ಯಾಲಿಪರ್ ಹಿಡಿದರೆ ಎಂಟೂವರೆ, ಒಂಬತ್ತಕ್ಕೇ ನಿಲ್ಲುತ್ತದೆ. ಸರಳಿನ ಮೈಮೇಲೆ ‘ಎಸ್‌ಎನ್‌ಐ’, ಅಂದರೆ ಅಲ್ಲಿನ ರಾಷ್ಟ್ರೀಯ ಗುಣಮಟ್ಟದ ಅಚ್ಚು, ಇದೆಯೇ ನೋಡಿ, ಲಾರಿಯಿಂದ ಇಳಿಸುವ ಮೊದಲೇ ಅಳೆಯಿರಿ. ರಿಂಗಿನ ತುದಿ 135 ಡಿಗ್ರಿ ಒಳಕ್ಕೆ ಮಡಚಿರಲಿ. 90ಕ್ಕೆ ಬಿಟ್ಟದ್ದು ಮೊದಲ ಕುಲುಕಿಗೇ ಬಿಚ್ಚಿಕೊಳ್ಳುತ್ತದೆ. ಪಾಯಖಾನೆಯ ಗುಂಡಿಗೂ ಬಾವಿಗೂ ನಡುವೆ ಕನಿಷ್ಠ 10 ಮೀಟರು ಬಿಡಿ, ಪಕ್ಕದವರ ಬಾವಿಯನ್ನೂ ಲೆಕ್ಕಕ್ಕೆ ಹಿಡಿದು.

ಮನೆಗೆ ಕಾವಲು ಬೇಲಿಯಲ್ಲ, ಊರು. ಹಳ್ಳಿಯ ಬಾಯಲ್ಲಿ ‘ತಾಮು 1×24 ಜಾಮ್ ವಾಜಿಬ್ ಲಾಪೋರ್’ ಎಂಬ ಫಲಕ ಇರುತ್ತದೆ: ಅತಿಥಿಗಳು 24 ಗಂಟೆಯೊಳಗೆ ವರದಿ ಮಾಡಬೇಕು. ‘ಎರ್‌ತೇ’ ಎನ್ನುವ ನೆರೆಕೂಟದ ಮುಖ್ಯಸ್ಥರ ಮನೆಗೆ ಪಾಸ್‌ಪೋರ್ಟ್ ಪ್ರತಿ ಹಿಡಿದು ನೀವೇ ಹೋಗಿ, ‘ಪಾಕ್’, ಅಂದರೆ ಯಜಮಾನರೇ, ಎಂದು ಕರೆದು ಮಾತಾಡಿಸಿ. ಸರದಿಯ ಮೇಲೆ ಗಂಡಸರು ರಾತ್ರಿ ಗಸ್ತು ತಿರುಗುತ್ತಾರೆ, ‘ರೊಂದಾ’ ಎನ್ನುತ್ತಾರೆ. ನಿಮ್ಮ ಸರದಿಗೆ ಹೋಗಲಾಗದಿದ್ದರೆ ಕಾಫಿ, ಸಿಗರೇಟಿನ ಖರ್ಚಾದರೂ ಕೊಡಿ. ಕಾವಲು ಚಾವಡಿಯ ಟೊಳ್ಳು ಮರದ ‘ಕೆಂತೊಂಗಾನ್’ ಎಡೆಬಿಡದೆ ಬಡಿದುಕೊಂಡರೆ ಅಪಾಯ ಎಂದು ತಿಳಿಯಿರಿ. ಇನ್ನೊಂದು, ಬಹಳ ಮುಖ್ಯ: ಬರೀ ಅನುಮಾನದ ಮೇಲೆ ‘ಮಾಲಿಂಗ್’, ಅಂದರೆ ಕಳ್ಳ, ಎಂದು ಕೂಗಬೇಡಿ. ಗಳಿಗೆಯಲ್ಲಿ ಜನ ಸೇರುತ್ತಾರೆ, ಸಿಕ್ಕಿದವನನ್ನು ಸಾಯುವಂತೆ ಬಡಿಯುವುದುಂಟು, ಅವನು ಪಕ್ಕದ ಹಳ್ಳಿಯ ಅಮಾಯಕನೇ ಆಗಿದ್ದರೂ. ಎರ್‌ತೇ ಮುಖ್ಯಸ್ಥರದ್ದೂ, ಆ ಹಳ್ಳಿಗೆ ನೇಮಿಸಿದ ಪೊಲೀಸ್ ಪೇದೆ ‘ಭಾಬಿನ್‌ಕಮ್ತಿಬ್ಮಾಸ್’ದ್ದೂ ನಂಬರನ್ನು ಮೊದಲ ದಿನವೇ ಫೋನಿನಲ್ಲಿ ಹಾಕಿಕೊಂಡು, ಅನುಮಾನ ಬಂದಾಗ ಕೂಗುವ ಬದಲು ಅವರಿಗೆ ಕರೆ ಮಾಡಿ.