ಗೋಲಿಸೋಡವಾ, ಕ್ಯಾನಾ?
ಬದಿಯಡ್ಕದಲ್ಲಿ ಗೂಡಂಗಡಿ ಹಾಕ್ಲಿಕ್ಕೆ ಹೊರಟ ಅಳಿಯ ಗೋಲಿಸೋಡ ಇಡ್ಲಾ ಕ್ಯಾನಿನ ಸೋಡ ಇಡ್ಲಾ ಅಂತ ಕೇಳಿದ, ನಂಗೆ ಎರಡನ್ನೂ ಬಿಚ್ಚಿ ನೋಡುವ ಹುಚ್ಚು ಉಂಟಲ್ಲ, ಹಾಗೆ ಬರೀತಿದ್ದೇನೆ.

ಗೋಲಿಸೋಡದ್ದು ಸಿಂಪಲ್. ಇಂಗ್ಲೆಂಡಿನ ಹೈರಮ್ ಕಾಡ್ 1872ರಲ್ಲಿ ಪೇಟೆಂಟ್ ಮಾಡಿದ್ದು, ಒಳಗಿನ ಗ್ಯಾಸೇ ಗೋಲಿಯನ್ನು ಕುತ್ತಿಗೆಯ ರಬ್ಬರ್ ರಿಂಗಿಗೆ ಒತ್ತಿ ಹಿಡೀತದೆ. ಬಾಟ್ಲಿ ವಾಪಸ್ ಬರ್ಬೇಕು, ತೊಳೀಬೇಕು, ಬಿದ್ರೆ ಹೋಯ್ತು.

ಕ್ಯಾನಿನ ಮುಚ್ಚಳ ಒಮ್ಮೆ ಹತ್ರದಿಂದ ನೋಡಿ ಮಾರಾಯ್ರೇ. ಬೆರಳಲ್ಲಿ ಎತ್ತಿ ತೆರೆಯುವ ಟ್ಯಾಬನ್ನು ಹಿಡಿದಿರುವ ಆ ಪುಟ್ಟ ಮೊಳೆಯಂಥ ರಿವೆಟ್ ಬೇರೆ ತುಂಡೇ ಅಲ್ಲ, ಮುಚ್ಚಳದ ತಗಡನ್ನೇ ಉಬ್ಬಿಸಿ ಮಾಡಿದ್ದು, ತೂತು ಹಾಕಿ ಕೂರಿಸಿದ್ರೆ ಗ್ಯಾಸ್ ಲೀಕ್ ಆಗ್ತದಲ್ಲ. ಬಾಯಿಯ ಸುತ್ತ ತಗಡನ್ನು ಗೀರಿ ತೆಳು ಮಾಡಿರ್ತಾರೆ, ಟ್ಯಾಬ್ ಎತ್ತಿದ್ರೆ ಅಲ್ಲೇ ಹರೀತದೆ. ಹೀಗೆ ಎಳೆದು ತೆರೆಯುವ ಮುಚ್ಚಳಕ್ಕೆ ಅಮೆರಿಕದ ಎರ್ಮಲ್ ಫ್ರೇಜ್‌ಗೆ 1963ರಲ್ಲಿ ಪೇಟೆಂಟ್ ಸಿಕ್ಕಿತು, ಆದ್ರೆ ಆಗಿನ ರಿಂಗ್ ಕಿತ್ತು ಕೈಗೇ ಬರ್ತಿತ್ತು, ಜನ ಬಿಸಾಡಿ ಬಿಸಾಡಿ ಬೀಚಲ್ಲಿ ಕಾಲು ಕೊಯ್ಯುವ ಹಾಗಾಯ್ತು. 1975ರಲ್ಲಿ ಡೇನಿಯಲ್ ಕುಡ್ಜಿಕ್ ಅವರ ಡಿಸೈನ್ ಬಂದ್ಮೇಲೆ ಟ್ಯಾಬ್ ಕ್ಯಾನಲ್ಲೇ ಉಳೀತದೆ, ತುಂಡು ಒಳಗೆ ಮಡಚಿಕೊಳ್ತದೆ. ಖಾಲಿ ಕ್ಯಾನ್ ಗುಜರಿಯವ ಖುಷಿಯಲ್ಲಿ ತಗೊಳ್ತಾನೆ, ಅಲ್ಯೂಮಿನಿಯಂ ಅಲ್ವಾ.

ಕೂತು ಕುಡಿಯುವ ಗಿರಾಕಿಗೆ, ಲಿಂಬೆ ಉಪ್ಪು ಹಾಕಿ ಕೊಡ್ಲಿಕ್ಕೆ ಗೋಲಿಯೇ ಸೈ. ಬಸ್ಸು ಹತ್ತುವವನ ಕೈಗೆ ಕ್ಯಾನ್ ಕೊಡು, ಆದ್ರೆ ಅದನ್ನು ಪುನಃ ಮುಚ್ಲಿಕ್ಕೆ ಆಗುದಿಲ್ಲ ಅಂತ ಮೊದಲೇ ಹೇಳಿಬಿಡು.