400 ರೂಪಾಯಿ ಬೋರ್ಡು, ಎರಡು ಕೊಡ ನೀರು: ಮನ್ಯಾಗ ಮಾಡಿದ ಡ್ಯಾಕಿನ ರಿವ್ಯೂ

ಮೊದ್ಲೇ ಹೇಳಿಬಿಡ್ತೀನಿ, ಈ ಡ್ಯಾಕ್ ಬೋರ್ಡ್ ಛಲೋ ಅದ, ತಗೊಳ್ರಿ. ನೇರಳೆ ಬಣ್ಣದ್ದು, ಬೆಂಕಿಪೊಟ್ಟಣದ ಅರ್ಧದಷ್ಟು ಇರ್ತದ, ನಡುವ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸಿಂದು ಪಿಸಿಎಂ5102ಎ ಅನ್ನೋ ಚಿಪ್ಪು, ಒಂದ್ ಕಡಿ ಜ್ಯಾಕು, ನನಗ ಕೊರಿಯರ್ ಸೇರಿ 400ರ ಆಸುಪಾಸು ಬಿತ್ತು. ಇದರ ಸುತ್ತ ಪವರ್ ಸಪ್ಲೈ, ಡಬ್ಬಿ, ವೈರು, ಅಪ್‌ಗ್ರೇಡು ಅಂತ ನಾ ಸುರಿದ ರೊಕ್ಕದ ಲೆಕ್ಕ ಮಾತ್ರ ಮನ್ಯಾಗ ಇನ್ನೂ ಪೂರಾ ಹೇಳಿಲ್ಲ, ಇಲ್ಲಿ ಹೇಳ್ತೀನಿ, ನೀವೂ ಹೊಟ್ಟ್ಯಾಗ ಇಟ್ಕೊಳ್ರಿ.

ಡ್ಯಾಕ್ ಅಂದ್ರ ಏನಂತ ಗೊತ್ತಿಲ್ಲದವ್ರಿಗಿ ಒಂದ್ ಮಾತು. ಫೋನಿನ್ಯಾಗ, ಕಂಪ್ಯೂಟರಿನ್ಯಾಗ ಹಾಡು ಇರೋದು ಬರೇ ಅಂಕಿ, ಸಿಡಿ ಲೆಕ್ಕ ಹಿಡಿದ್ರ ಸೆಕೆಂಡಿಗಿ 44,100 ಸಲ ಅಳೆದಿಟ್ಟ 16 ಬಿಟ್ಟಿನ ಅಂಕಿ. ಆ ಅಂಕಿನೆಲ್ಲ ಮತ್ತ ಏರಿಳಿಯೋ ವೋಲ್ಟೇಜ್ ಮಾಡಿ ಆಂಪ್ಲಿಫೈಯರಿಗಿ ಕೊಡೋದು ಡ್ಯಾಕಿನ ಕೆಲಸ. ಎಲ್ಲಾ ಲ್ಯಾಪ್‌ಟಾಪಿನ್ಯಾಗೂ ಒಂದು ಇದ್ದೇ ಇರ್ತದ, ಆದ್ರ ನನ್ನ ಹಳೇದು ಹೆಂಗಿತ್ತಂದ್ರ ಮೌಸ್ ಸರಿಸಿದ್ರ ಸ್ಪೀಕರಿನ್ಯಾಗ ಜಿರ್ ಜಿರ್ ಅನ್ನೋದು, ಮಲ್ಲಿಕಾರ್ಜುನ ಮನ್ಸೂರರ ಆಲಾಪ ಹಚ್ಚಿದ್ರ ಹಿಂದಿನ ತಂಬೂರಿ ಆ ಜಿರಿಜಿರಿ ಒಳಗ ಮುಳುಗಿ ಹೋಗೋದು. ಅಪ್ಪನ ಕಾಲದ ಆಂಪ್ಲಿಫೈಯರ್ ಇನ್ನೂ ಗಟ್ಟಿಮುಟ್ಟಾಗಿ ಅದ, ಅದಕ್ಕ ತಕ್ಕದ್ದು ಒಂದು ಬೇಕಿತ್ತು. ರೆಡಿಮೇಡ್ ತಂದಿದ್ರ ಒಂದೇ ದಿನದಾಗ ಮುಗೀತಿತ್ತು ಅಂತ ನಮ್ಮಾಕಿ ಇವತ್ತಿಗೂ ಅಂತಾಳ, ಆಕಿ ಮಾತು ತಪ್ಪೂ ಅಲ್ಲ.

ಬೋರ್ಡಿನ ದೊಡ್ಡ ದೋಷ ಅಂದ್ರ ಹೆಂಗ ಜೋಡಿಸ್ಬೇಕು ಅಂತ ಒಂದ್ ಚೀಟಿ ಸೈತ ಜೊತಿಗಿ ಬರಂಗಿಲ್ಲ. ನನ್ನ ಹತ್ರ ರಾಸ್ಪ್‌ಬೆರಿ ಪೈ 3 ಅನ್ನೋ ಅಂಗೈಯಗಲದ ಕಂಪ್ಯೂಟರ್ ಇತ್ತು, ಅದರ 12ನೇ ಪಿನ್ನಿಂದ ಬಿಟ್ ಕ್ಲಾಕ್ (ಒಂದೊಂದು ಬಿಟ್ಟಿಗಿ ತಾಳ ಹಾಕೋ ಸಿಗ್ನಲ್), 35ರಿಂದ ಎಡ-ಬಲ ಹೇಳೋ ಕ್ಲಾಕ್, 40ರಿಂದ ಡೇಟಾ, ಮತ್ತ ಪವರ್ರು ಗ್ರೌಂಡು, ಒಟ್ಟು ಐದು ವೈರು ಎಳೆದೆ, ಕಾನ್ಫಿಗ್ ಫೈಲಿನ್ಯಾಗ ಹೈಫೈಬೆರಿ ಡ್ಯಾಕಿನ ಓವರ್‌ಲೇ ಸಾಲು (ಯಾವ ಡ್ಯಾಕ್ ಅದ ಅಂತ ಪೈಗಿ ಹೇಳೋದು) ಹಾಕಿದೆ, ಎಲ್ಲಾ ಸರಿ, ಸ್ಕ್ರೀನಿನ ಮ್ಯಾಲ ಹಾಡು ಓಡ್ಲಾಕತ್ತದ, ಸ್ಪೀಕರ್ ಮಾತ್ರ ಮೂಕ. ಎರಡು ಸಂಜಿ ಹಿಂಗೇ ಹೋಯ್ತು. ವೈರು ಬದಲಿ ಮಾಡಿದೆ, ಮೆಮೊರಿ ಕಾರ್ಡ್ ಅಳಿಸಿ ಮತ್ತ ಹಾಕಿದೆ, ಚಿಪ್ಪೇ ಸತ್ತದ ಅಂತ ಬೈದೆ. ಮೂರನೇ ದಿನ ಬೋರ್ಡ್ ಬೋರಲು ಹಾಕಿ ನೋಡ್ತೀನಿ, ಹಿಂದ ನಾಕು ಕಡಿ ಸಣ್ಣ ಸಣ್ಣ ಪ್ಯಾಡ್ ಅವ, ಒಂದೊಂದಕ್ಕೂ ಎಚ್ಚು (H) ಅಥವಾ ಎಲ್ಲು (L) ಅಂತ ಬರ್ದದ, ಬೆಸುಗಿ ಹಾಕಿ ಯಾವ ಕಡಿ ಬೇಕೋ ಆ ಕಡಿ ಕೂಡಿಸ್ಬೇಕು, ನನ್ನದರಾಗ ನಾಕೂ ಖಾಲಿ! ಅದರಾಗ ಮೂರನೇದು ಮ್ಯೂಟಿಂದು, ಅದು ಎಚ್ಚಿನ ಕಡಿ ಕೂಡದ ಹೊರ್ತು ಚಿಪ್ಪು ಬಾಯಿ ತೆರಿಯಂಗಿಲ್ಲ. ಮೂರನೇದು ಎಚ್ಚಿಗಿ, ಒಂದು ಎರಡು ನಾಕು ಎಲ್ (L) ಕಡಿ, ಮುಂದಿನ ಕಡಿ ಎಸ್‌ಸಿಕೆ ಅನ್ನೋ ಪ್ಯಾಡು ಗ್ರೌಂಡಿಗಿ, ಇಷ್ಟು ಬರ್ದಿಟ್ಕೊಳ್ರಿ, ನಿಮ್ಮವು ಎರಡು ಸಂಜಿ ಉಳೀತಾವ. ಎಸ್‌ಸಿಕೆ ಗ್ರೌಂಡಿಗಿ ಹೋದ್ರ ಚಿಪ್ಪು ತನಗ ಬೇಕಾದ ಮಾಸ್ಟರ್ ಕ್ಲಾಕನ್ನ ಬಿಟ್ ಕ್ಲಾಕಿಂದ ತಾನೇ ಮಾಡ್ಕೊಂತದ, ಬ್ಯಾರೆ ಕ್ರಿಸ್ಟಲ್ ಬೇಕಾಗಂಗಿಲ್ಲ. 25 ವ್ಯಾಟಿನ ಚೂಪು ಮೂತಿ ಬೆಸುಗಿ ಐರನ್ ಸಾಕು, ಸಾಸಿವಿ ಕಾಳಿನಷ್ಟು ಸೀಸ.

ಸುರು ಆದ ಮ್ಯಾಲ ತಕರಾರಿಲ್ಲ. ಔಟ್‌ಪುಟ್ 2.1 ವೋಲ್ಟ್, ಅಂದ್ರ ಸಿಡಿ ಪ್ಲೇಯರಿಂದು ಎಷ್ಟಿರ್ತದೋ ಹೆಚ್ಚುಕಮ್ಮಿ ಅಷ್ಟೇ. ಮೈನಸ್ ವೋಲ್ಟೇಜು ಸೈತ ಒಳಗೇ ಹುಟ್ಟಿಸ್ಕೊಂತದ, ಅದಕ್ಕೇ ಔಟ್‌ಪುಟ್ಟಿನ್ಯಾಗ ಡಿಸಿ ತಡಿಯೋ ದೊಡ್ಡ ಕಪ್ಲಿಂಗ್ ಕೆಪಾಸಿಟರ್ ಬೇಕಿಲ್ಲ. ಜ್ಯಾಕ್ ಅದ ಅಂತ ಹೆಡ್‌ಫೋನ್ ಚುಚ್ಚಬ್ಯಾಡ್ರಿ ಮಾತ್ರ, ಅದು ಲೈನ್ ಔಟ್ (ಆಂಪ್ಲಿಫೈಯರಿಗಿ ಕೊಡೋದು), 32 ಓಮಿನ ಹೆಡ್‌ಫೋನ್ ಎಳೆಯೋ ತಾಕತ್ತು ಅದಕ್ಕಿಲ್ಲ.

ಈಗ ಪವರಿನ ಕಥಿ, ಖರೇ ರಿವ್ಯೂ ಇಲ್ಲಿಂದ ಸುರು. ಮೊದ್ಲು ಫೋನ್ ಚಾರ್ಜರಿನ ಮ್ಯಾಲೇ ನಡೆಸ್ತಿದ್ದೆ. ಹಾಡು ಇಲ್ಲದಾಗ ವಾಲ್ಯೂಮ್ ಏರಿಸಿದ್ರ ಸಣ್ಣಗ ಸೀ ಅನ್ನೋ ಸದ್ದು, ಅದರ ಕೆಳಗ ಗುಂಯ್ ಅಂತ ಹಮ್ಮು. ಬ್ಯಾಸಗಿ ಬಂದಂಗ ಹಮ್ಮು ಇನ್ನೂ ಜೋರಾತು, ಆಂಪ್ಲಿಫೈಯರಿನ ಮೈ ಮುಟ್ಟಿದ್ರ ಬೆರಳಿಗಿ ಇರುವಿ ಕಡ್ದಂಗ ಆಗ್ತಿತ್ತು. ಮೇ ತಿಂಗಳ ಕಲಬುರಗಿ ನಿಮಗ ಗೊತ್ತೇ ಅದಲ್ಲ, ಮಧ್ಯಾಹ್ನ 43 ಡಿಗ್ರಿ, ಓಣಿ ತುಂಬ ಎಲ್ಲಾರ ಮನ್ಯಾಗೂ ಕೂಲರು, ವೋಲ್ಟೇಜು ಒಮ್ಮೆ 190 ಒಮ್ಮೆ 245. ಮೀಟರ್ ಹಿಡಿದು ನ್ಯೂಟ್ರಲ್ಲಿಗೂ ಅರ್ಥಿಂಗಿಗೂ ನಡುವ ಅಳೆದೆ, 14 ವೋಲ್ಟ್! ಒಂದೆರಡಕ್ಕಿಂತ ಜಾಸ್ತಿ ಇರಬಾರ್ದು ಅದು. ಹಿತ್ತಲಿಗಿ ಹೋಗಿ ನೋಡಿದ್ರ ಅರ್ಥಿಂಗ್ ಗುಂಡಿ ಅಂತ ಅಜ್ಜನ ಕಾಲದಾಗ ಉಪ್ಪು ಇದ್ದಿಲು ಹಾಕಿ ಮುಚ್ಚಿದ್ದು, ಮ್ಯಾಲ ಶಹಾಬಾದ್ ಕಲ್ಲು, ಸುತ್ತಲಿನ ಎರಿ ಮಣ್ಣು ಒಣಗಿ ಬೆರಳು ಹೋಗುವಷ್ಟು ಬಿರುಕು ಬಿಟ್ಟದ. ಕಲ್ಲು ಸರಿಸಿ ಎರಡು ಕೊಡ ನೀರು ಸುರಿದೆ.

ಅರ್ಧ ತಾಸಿನ ಮ್ಯಾಲ ಮೀಟರ್ ಹಿಡಿದ್ರ 3 ವೋಲ್ಟ್. ಹಮ್ಮು ಮುಕ್ಕಾಲು ಪಾಲು ಹೋಯ್ತು, ಇರುವಿ ಕಡಿಯೋದೂ ನಿಂತ್ತು. ಇದು ಮಂತ್ರ ಅಲ್ರಿ. ಕಂಪ್ಯೂಟರು, ಟಿವಿ ಇವುಗಳ ಪವರ್ ಸಪ್ಲೈ ಒಳಗ ಲೈನಿಂದ ಮೈಗಿ ಸಣ್ಣ ಕೆಪಾಸಿಟರ್ ಇರ್ತಾವ, ಅವುಗಳಿಂದ ಸದಾ ಚೂರು ಕರೆಂಟ್ ಸೋರ್ತದ, ಆ ಸೋರಿದ್ದು ಅರ್ಥಿಂಗ್ ಮುಖಾಂತರ ನೆಲಕ್ಕ ಹೋಗ್ಬೇಕು. ನೆಲ ಒಣಗಿದ್ರ ಅರ್ಥಿಂಗಿನ ರೆಸಿಸ್ಟೆನ್ಸ್ ಏರ್ತದ, ಅದು ಬ್ಯಾರೆ ದಾರಿ ಹುಡುಕ್ಕೊಂಡು ನಿಮ್ಮ ಡ್ಯಾಕಿಂದ ಆಂಪ್ಲಿಫೈಯರಿಗಿ ಹೋಗೋ ಕೇಬಲ್ಲಿನ ಗ್ರೌಂಡಿನ್ಯಾಗ ಓಡ್ತದ, ಅದನ್ನೇ ನೀವು ಗುಂಯ್ ಅಂತ ಕೇಳ್ತೀರಿ. ಈಗ ಅವ್ವ ದಿನಾ ಪಾತ್ರಿ ತೊಳೆದ ನೀರು ಅಲ್ಲೇ ಚೆಲ್ತಾಳ. ಇಡೀ ಪ್ರಾಜೆಕ್ಟಿನ್ಯಾಗ ಎಲ್ಲಾಕ್ಕಿಂತ ದೊಡ್ಡ ಅಪ್‌ಗ್ರೇಡ್ ಇದೇ, ಖರ್ಚು ಸೊನ್ನಿ.

ಎರಡನೇದು ಟ್ರಾನ್ಸ್‌ಫಾರ್ಮರ್ ಸಪ್ಲೈ. ಸೂಪರ್ ಮಾರ್ಕೆಟ್ ಕಡಿ ಮೋಟರ್ ವೈಂಡಿಂಗ್ ಮಾಡೋ ಹಿರಿಯರೊಬ್ಬರ ಕಡಿಂದ 9 ವೋಲ್ಟ್ 1 ಆಂಪಿಯರಿಂದು 350 ರೂಪಾಯಿಗಿ ಸುತ್ತಿಸ್ಕೊಂಡು ಬಂದೆ, ಯಾಕ ಬೇಕು ಅಂತ ಕೇಳಿದ್ರು, ಹಾಡು ಕೇಳ್ಲಾಕ ಅಂದೆ, ರೇಡಿಯೋ ತಗೋಬಾರ್ದಾ ತಮ್ಮಾ ಅಂದ್ರು. ಬ್ರಿಜ್ ಡಯೋಡು, 4700 ಮೈಕ್ರೋಫ್ಯಾರಡಿನ ಕೆಪಾಸಿಟರು, ಎಲ್‌ಎಂ317 (ವೋಲ್ಟೇಜ್ ಏರಿಳಿಯದಂಗ ಹಿಡಿಯೋ ರೆಗ್ಯುಲೇಟರ್ ಚಿಪ್ಪು), 240 ಓಮು ಮತ್ತ 720 ಓಮಿನ ರೆಸಿಸ್ಟರ್ ಹಾಕಿದ್ರ ಲೆಕ್ಕಕ್ಕ ಸರಿಯಾಗಿ 5 ವೋಲ್ಟ್ ಬರ್ತದ. ಅಡ್ಜಸ್ಟ್ ಪಿನ್ನಿಗಿ ಒಂದ್ 10 ಮೈಕ್ರೋಫ್ಯಾರಡ್ ಹಾಕೋದು ಮರೀಬ್ಯಾಡ್ರಿ, ರಿಪಲ್ (ಉಳಿದ ಏರಿಳಿತ) ತಡಿಯೋದು 65 ಡಿಬಿಯಿಂದ (ಡೆಸಿಬಲ್) 80ರ ತನಕ ಏರ್ತದ, ಎರಡು ರೂಪಾಯಿ ಮಾಲು. ಪೈಗಿ ಬ್ಯಾರೆ ಚಾರ್ಜರ್ ಇಟ್ಟೆ, ಅದು ತಿನ್ನೋ ಕರೆಂಟ್ ಜಾಸ್ತಿ, 317 ಕಾದ ಹೆಂಚಾಗ್ತದ. ಚಾರ್ಜರ್ ತೆಗೆದು ಇದು ಹಚ್ಚಿದಾಗ ಆ ಸೀ ಅನ್ನೋದು ಹೋಯ್ತು ನೋಡ್ರಿ, ಅಡಗಿ ಮನ್ಯಾಗ ರೊಟ್ಟಿ ಬಡಿಯೋ ಅವ್ವಗೂ ಗೊತ್ತಾತು, ಏನೋ ಬಂದ್ ಆಯ್ತಲ್ಲ ಅಂದಳು.

ಇಲ್ಲಿಗಿ ನಿಲ್ಲಿಸಿದ್ರ ಶಾಣ್ಯಾ ಅನಿಸ್ಕೊಂತಿದ್ದೆ. ನಿಲ್ಲಿಸ್ಲಿಲ್ಲ. ಎಲ್‌ಟಿ3045 ಅಂತ ಒಂದ್ ರೆಗ್ಯುಲೇಟರ್ ಅದ, ಅದರ ನಾಯ್ಸ್ 0.8 ಮೈಕ್ರೋವೋಲ್ಟ್, ನಮ್ಮ 317ಂದು ಡೇಟಾಶೀಟ್ ಲೆಕ್ಕದಾಗ 5 ವೋಲ್ಟಿಗಿ 150 ಮೈಕ್ರೋವೋಲ್ಟ್ ಹತ್ರ, ಎಲ್ಲಿ 150 ಎಲ್ಲಿ 0.8, ರಾತ್ರಿ ನಿದ್ದಿ ಬರ್ಲಿಲ್ಲ, 1,900 ಕೊಟ್ಟು ರೆಡಿ ಮಾಡ್ಯೂಲ್ ತರಿಸಿದೆ. ಹಚ್ಚಿದ ದಿನ ಆಹಾ, ತಂಬೂರಿ ತಂತಿ ಎಣಿಸಬಹುದು ಅನ್ನಿಸ್ತು. ಮಗಳಿಗಿ ಅನುಮಾನ. ಆಕಿ ಒಂದ್ ಸ್ವಿಚ್ ಹಿಡಿದು ನನ್ನ ಬೆನ್ನ ಹಿಂದ ಕುಂತಳು, 10 ಸಲ ಅದಲಿ ಬದಲಿ ಮಾಡಿದಳು, ನಾ ಹೇಳಿದ್ದು 5 ಸರಿ 5 ತಪ್ಪು. ನಾಣ್ಯ ಚಿಮ್ಮಿದ್ರೂ ಅಷ್ಟೇ ಬರ್ತಿತ್ತು ಪಪ್ಪಾ ಅಂದಳು. ಆಮ್ಯಾಲ ಕುಂತು ನೋಡಿದ್ರ ಈ ನೇರಳೆ ಬೋರ್ಡಿನ ಮ್ಯಾಲೇ 3.3 ವೋಲ್ಟಿನ ಸ್ವಂತ ರೆಗ್ಯುಲೇಟರ್ ಅವ, ಚಿಪ್ಪಿಗಿ ಹೋಗೋದು ಅವು ಸೋಸಿದ ಮ್ಯಾಲಿನ ಕರೆಂಟು. ಸೋಸಿದ ಚಹಾ ಕುಡಿಯೋರಿಗಿ ಮೊದ್ಲೇ ಎರಡು ಸಲ ಸೋಸಿ ಕೊಟ್ರ ಏನ್ ಫರಕ್ ತಿಳೀತದ. ಮಾಡ್ಯೂಲಿಗಿ ಬೈಯಂಗಿಲ್ಲ, ಹೇಳಿದ ಕೆಲಸ ಹೇಳಿದಂಗ ಮಾಡ್ತದ, ನನಗೇ ಬೇಕಾಗಿರ್ಲಿಲ್ಲ.

ಆಪ್‌ಆಂಪ್ (ಸಿಗ್ನಲ್ ಬಲಪಡಿಸೋ ಚಿಪ್ಪು) ಹುಚ್ಚಿನ ಬಗ್ಗೆ ಜಾಸ್ತಿ ಹೇಳಂಗಿಲ್ಲ. ಔಟ್‌ಪುಟ್ಟಿಗಿ ಒಂದ್ ಬಫರ್ (ಡ್ಯಾಕಿಗೂ ಆಂಪ್ಲಿಫೈಯರಿಗೂ ನಡುವಿನ ಸರ್ಕ್ಯೂಟು) ಹಾಕಿ ಅದರಾಗ ಎನ್‌ಇ5532 ಅನ್ನೋ ಆಪ್‌ಆಂಪ್ ಕೂಡಿಸಿದೆ, ಆಮ್ಯಾಲ ಅದರ ಜಾಗಕ್ಕ ದುಬಾರಿದೊಂದು ಬೇಕು ಅಂತ ಆನ್‌ಲೈನ್ ಅಂಗಡಿಯೊಂದರಾಗ ತರಿಸಿದೆ, ಹತ್ತಿಗಿ ಥಿನ್ನರ್ ಹಚ್ಚಿ ಒರೆಸಿದ್ರ ಮ್ಯಾಲಿನ ಅಕ್ಷರಾನೇ ಎದ್ದು ಬಂತು, ಕೆಳಗ ಉಜ್ಜಿದ ಗೀರು. ನಕಲಿ. ವಾಪಸ್ ಹಾಕಿ ರೊಕ್ಕ ಬರ್ಲಾಕ ತಿಂಗಳು ಹಿಡೀತು. ಅಷ್ಟೊತ್ತಿಗಿ ಬಫರೇ ಕಿತ್ತೊಗೆದಿದ್ದೆ, 2.1 ವೋಲ್ಟ್ ಸೀದಾ ಆಂಪ್ಲಿಫೈಯರಿಗಿ ಹೋದ್ರ ಸಾಕು, ನಡುವ ಇನ್ನೊಬ್ಬ ದಲಾಲ ಯಾಕ. ಇದಾದ ಮ್ಯಾಲ ಸಾಮಾನು ಬೇಕಂದ್ರ ಹೈದರಾಬಾದಿಗಿ ಹೋದಾಗ ಕೋಠಿ ಹತ್ರ ಗುಜರಾತಿ ಗಲ್ಲಿಯಾಗ ಕೈಯಾಗ ಹಿಡಿದು ನೋಡಿ ತರ್ತೀನಿ. 2020ರ ನವೆಂಬರಿನ್ಯಾಗ ಚೀನಾದ ಆನ್‌ಲೈನ್ ಅಂಗಡಿ ಅಲಿಎಕ್ಸ್‌ಪ್ರೆಸ್ ಬ್ಯಾನ್ ಆದ ಮ್ಯಾಲಂತೂ ನಮ್ಮಂಥವ್ರಿಗಿ ಅಗ್ಗದ ದಾರಿ ಒಂದ್ ಮುಚ್ಚೇ ಹೋಯ್ತು. ಅದೇ ವರ್ಷ ಅಕ್ಟೋಬರಿನ್ಯಾಗ ಡ್ಯಾಕ್ ಚಿಪ್ಪು ಮಾಡೋ ಜಪಾನಿನ ಎಕೆಎಂ ಫ್ಯಾಕ್ಟರಿಗಿ ಬೆಂಕಿ ಬಿದ್ದು ಆ ಕಂಪನಿ ಚಿಪ್ಪುಗಳೂ ಸಿಗದಂಗ ಆಗಿದ್ವು, ನಾ ಈ 5102ಕ್ಕ ಬಂದಿದ್ದೇ ಹಂಗ.

ದೊಡ್ಡ ಚಿಪ್ಪಿನ ಆಸಿ ಇರ್ಲಿಲ್ಲ ಅಂದ್ರ ಸುಳ್ಳಾಗ್ತದ. ಬೀದರಿನ ಗೆಳೆಯ ಇಎಸ್9038ಕ್ಯೂ2ಎಂ ಅನ್ನೋ ಡ್ಯಾಕ್ ಚಿಪ್ಪಿನ ಬೋರ್ಡ್ ಮಾಡ್ಯಾನ, ಎರಡು ವಾರ ನನ್ನ ಹತ್ರ ಬಿಟ್ಟು ಹೋಗಿದ್ದ. ಕಾಗದದ ಮ್ಯಾಲ ಅದರ ಡೈನಾಮಿಕ್ ರೇಂಜ್ (ಅತಿ ಸಣ್ಣ ಸದ್ದಿಗೂ ಅತಿ ದೊಡ್ಡ ಸದ್ದಿಗೂ ನಡುವಿನ ಅಂತರ) 129 ಡಿಬಿ, ನನ್ನದು 112. ಮೊದಲ ದಿನ ಅವಂದೇ ಗೆದ್ದಂಗ ಅನ್ನಿಸ್ತು. ಆಮ್ಯಾಲ 50 ಹರ್ಟ್ಜ್ ಟೋನ್ ಹಚ್ಚಿ ಮೀಟರಿನ್ಯಾಗ ಅಳೆದ್ರ ಅವಂದು ಸ್ವಲ್ಪ ಜೋರು ಬರ್ಲಾಕತ್ತದ, ಅಷ್ಟೇ ಮರ್ಮ, ಎರಡರಾಗೂ ಒಂದೇ ಹಾಡು ಇದ್ದಾಗ ಕಿವಿ ಯಾವಾಗ್ಲೂ ಜೋರಿದ್ದದ್ದನ್ನೇ ಛಲೋ ಅಂತದ. 50 ಯಾಕಂದ್ರ ಅಗ್ಗದ ಮೀಟರುಗಳು ಮೇನ್ಸ್ (ಮನಿ ಕರೆಂಟು) ಅಳಿಯೋ ಸಲುವಾಗಿ ಮಾಡಿದವು, ಮ್ಯಾಲಿನ ಫ್ರೀಕ್ವೆನ್ಸಿಯಾಗ ತಪ್ಪು ತೋರಿಸ್ತಾವ. ವಾಲ್ಯೂಮ್ ಸಮ ಮಾಡಿದ ಮ್ಯಾಲ ಭೀಮಸೇನ ಜೋಶಿಯವರ ತಾನ್ ಆಗ್ಲಿ, ತಬಲಾದ ಡಗ್ಗಾ ಆಗ್ಲಿ, ಎರಡರಾಗೂ ಒಂದೇ. ಸಿಡಿಯ 16 ಬಿಟ್ಟಿಗೇ 96 ಡಿಬಿ ಮಿತಿ, ನಮ್ಮ ಮನಿ ಫ್ಯಾನಿನ ಸದ್ದು ಕಳೆದ್ರ ಇನ್ನೂ ಎಷ್ಟು ಉಳೀತದ ನೀವೇ ಹೇಳ್ರಿ. ಕೂಲರ್ ಹಚ್ಚಿದ್ರಂತೂ ಲಕ್ಷ ರೂಪಾಯಿ ಡ್ಯಾಕೂ ಇದೂ ಅಣ್ಣ ತಮ್ಮ. ಗೆಳೆಯಗ ಹಿಂಗ ಅಂದೆ, ನಿನ್ನ ಕಿವಿ ತೋರಿಸ್ಕೊ ಅಂದ, ಇನ್ನೂ ಮಾತು ನಡ್ದದ.

ನಮ್ಮ ಕಡ್ಯೋರು ಮಾಡೋದಿದ್ರ ಬಿಸಿಲಿನ ಲೆಕ್ಕ ಒಂದ್ ತಲ್ಯಾಗ ಇರ್ಲಿ. ಎಲೆಕ್ಟ್ರೋಲಿಟಿಕ್ ಕೆಪಾಸಿಟರಿಗಿ 10 ಡಿಗ್ರಿ ಶಕಿ ಏರಿದ್ರ ಆಯುಷ್ಯ ಅರ್ಧ ಅಂತ ಲೆಕ್ಕ. ಕೋಣಿ 40 ಇದ್ರ ಡಬ್ಬಿ ಒಳಗ 55 ದಾಟ್ತದ. ಆಡಿಯೋ ಸ್ಪೆಷಲ್ ಅಂತ ಬಂಗಾರದ ಅಕ್ಷರ ಬರ್ದ 85 ಡಿಗ್ರಿದು ತರೋದಕ್ಕಿಂತ ಸಾದಾ 105 ಡಿಗ್ರಿದು ತರ್ರಿ. ನನ್ನ ಮೊದಲ ಡಬ್ಬಿ ಶೇಂಗಾ ಹಿಂಡಿದು, ಸ್ಟೀಲು, ತೂತು ಇರ್ಲಿಲ್ಲ, ಒಳಗ ಕಾದಂಗ ಕಾದಂಗ ಇಡೀ ಕೋಣಿ ಬಳ್ಳೊಳ್ಳಿ ಖಾರ ವಾಸನಿ ಹೊಡೀತಿತ್ತು. ಈಗ ಅಲ್ಯೂಮಿನಿಯಂ ಡಬ್ಬಿ, ಮ್ಯಾಲ ಕೆಳಗ ತೂತು, ಟ್ರಾನ್ಸ್‌ಫಾರ್ಮರ್ ಬೋರ್ಡಿಂದ ಒಂದ್ ಗೇಣು ದೂರ.

ಒಟ್ಟು ಖರ್ಚು ಪೈ ಬಿಟ್ಟು 4,300ರ ಮ್ಯಾಲ ಆಗ್ಯದ, ಅದರಾಗ ಖರೇ ಬೇಕಾಗಿದ್ದು 1,500 ಇರಬಹುದು. ಸುಮಾರು ಸಾವಿರಕ್ಕ ಫೋನಿಗಿ ಹಚ್ಚೋ ಡಾಂಗಲ್ ಸಿಗ್ತದ, ಬರೇ ಹಾಡು ಕೇಳೋದಿದ್ರ ಅದೇ ತಗೊಳ್ರಿ, ಬೆಸುಗಿ ಹೊಗಿ ಕುಡಿಯೋ ಚಟ ಇದ್ರ ಮಾತ್ರ ಈ ದಾರಿ. ಬೋರ್ಡಿಗಿ 5ಕ್ಕ 4 ಸ್ಟಾರ್, ಆ ಚೀಟಿ ಇಲ್ಲದ್ದಕ್ಕ ಒಂದ್ ಕಡಿಮಿ.

ನನಗ ಇನ್ನೂ ಬಗೀಹರಿಯದ್ದು ಒಂದೇ ಉಳ್ದದ. ಕರೆಂಟ್ ಹೋದ್ರ ಮನಿ ಇನ್ವರ್ಟರ್ ಸುರು ಆಗ್ತದ, ಅದು ಸ್ಕ್ವೇರ್ ವೇವಿಂದು, ಆ ಚೂಪು ಮೂಲಿಯ ಕರೆಂಟು ಕುಡಿದು ಟ್ರಾನ್ಸ್‌ಫಾರ್ಮರ್ ತಾನೇ ಜೀರುಂಡಿ ಹಂಗ ಗುಂಯ್‌ಗುಡ್ತದ, ಸ್ಪೀಕರಿನ್ಯಾಗ ಅಲ್ಲ, ಡಬ್ಬಿ ಒಳಗೇ. ಸೈನ್ ವೇವ್ ಇನ್ವರ್ಟರ್ ತಗೊಂಡ್ರ ಹೋಗ್ತದ, ಅದರ ರೇಟ್ ಕೇಳಿ ಬಂದೀನಿ, ಮನ್ಯಾಗ ಇನ್ನೂ ಬಾಯಿ ಬಿಟ್ಟಿಲ್ಲ. ಸದ್ಯಕ್ಕ ಲೈಟ್ ಹೋತಂದ್ರ ಹಾಡು ಬಂದ್ ಮಾಡಿ ಮಾಳಿಗಿ ಮ್ಯಾಲ ಹೋಗಿ ಗಾಳಿಗಿ ಕೂಡ್ತೀನಿ.